ಮೋಟಾರು ಸೈಕಲ್ಲಿಗೆ ಕಟ್ಟಿದ ತೆನೆ

ಪುಂಜಾಲಕಟ್ಟೆ ಪೇಟೆಯಿಂದ ಅರ್ಧ ಮೈಲು ಒಳಗಿರುವ ಸುಬ್ಬಯ್ಯನವರ ಮನೆಗೆ ಮೋಟಾರು ಸೈಕಲ್ಲು ಬಂದ ದಿನದಿಂದ ಅವರ ಹೆಂಡತಿ ಕಾವೇರಮ್ಮ ಅದರೊಡನೆ ಮಾತು ಬಿಟ್ಟಿದ್ದರು. ವಾಹನದೊಡನೆ ಮಾತು ಬಿಡುವುದೆಂದರೆ ಹೇಗೆ ಎಂದು ಕೇಳಬಾರದು. ಹಟ್ಟಿಯ ದನ, ಬಾವಿಯ ರಾಟೆ, ಹೊತ್ತಿಕೊಳ್ಳದ ಒಲೆ ಎಲ್ಲದರೊಡನೆಯೂ ದಿನವಿಡೀ ಮಾತಾಡುವ ಹೆಂಗಸು ಅವರು. ಅಂಗಳದ ಮೂಲೆಯಲ್ಲಿ ಹಳೆಯ ಚಾಪೆ ಹೊದ್ದು ನಿಂತ ಆ ಕಪ್ಪು ಗಾಡಿಯ ಹತ್ತಿರ ಬಂದಾಗ ಮಾತ್ರ ಬಾಯಿ ಮುಚ್ಚಿ, ಸೆರಗು ತಾಗದ ಹಾಗೆ ಸುತ್ತುಬಳಸಿ ಹೋಗುತ್ತಿದ್ದರು.

ನಿಜ ಹೇಳಬೇಕೆಂದರೆ ಅವರ ಸಿಟ್ಟು ಗಾಡಿಯ ಮೇಲಲ್ಲ, ಅದರ ಹಿಂದಿನ ಸೀಟಿನ ಮೇಲೆ. ಸೊಸೆ ನೀಲಾವತಿ ಸರಕಾರದ ದಾದಿ. ಸುತ್ತಿನ ಹತ್ತು ಹಳ್ಳಿಯ ಹೆರಿಗೆ ಅವಳ ಪಾಲಿಗೆ. ಮಗ ಶೇಖರ ಪೇಟೆಯ ಪ್ರಾಥಮಿಕ ಶಾಲೆಯ ಮಾಸ್ತರು. ಹೆಂಡತಿ ಗುಡ್ಡ ಹತ್ತಿ ಗದ್ದೆ ಇಳಿದು ನಡೆದು ಸೋಲುವುದನ್ನು ನೋಡಲಾರದೆ, ಬೆಳ್ತಂಗಡಿಯ ಒಬ್ಬ ಓವರ್ಸಿಯರರು ಮಾರಿದ ಗಾಡಿಯನ್ನು ಅರುವತ್ತಮೂರನೆಯ ಇಸವಿಯಲ್ಲಿ ತಂದಿದ್ದ. ಹೆರಿಗೆಗೆ ಕರೆ ಬಂದರೆ ಅವನು ಮುಂದೆ, ಅವಳು ಹಿಂದೆ, ಮಡಿಲಲ್ಲಿ ಚರ್ಮದ ಚೀಲ. ಪೇಟೆಯ ನಡುವೆ ಗಂಡನ ಸೊಂಟ ಹಿಡಿದು ಕೂತು ಹೋಗುವ ಸೊಸೆಯನ್ನು ಯಾವ ಅತ್ತೆ ತಾನೇ ಬಾಯ್ತುಂಬ ಹೊಗಳುತ್ತಾಳೆ? ಅಕ್ಕಿ ಒಲೆಯ ಮೇಲಿಟ್ಟು ಹೋದವಳು ಸಂಜೆಗೆ ಬರುತ್ತಾಳೆ, ಗಂಜಿ ಬಸಿಯುವುದು ಕಾವೇರಮ್ಮ, ಹಟ್ಟಿ ಗುಡಿಸುವುದು ಕಾವೇರಮ್ಮ. ಊಟದ ಹೊತ್ತಿಗೆ ಈ ವಿಷಯ ಬಾರದ ದಿನವೇ ಇರಲಿಲ್ಲ.

ಅವರ ಮನಸ್ಸು ತಿರುಗಿದ್ದು ಮರುವರ್ಷದ ಮಳೆಗಾಲದಲ್ಲಿ. ಅಳದಂಗಡಿ ಕಡೆಯಿಂದ ಒಬ್ಬಳು ಮುದುಕಿ ತಲೆಯ ಮೇಲೆ ಬಾಳೆಗೊನೆ ಹೊತ್ತು ಅಷ್ಟು ದೂರ ನಡೆದು ಬಂದಳು. ಅವಳ ಮಗಳು, ಮೊಮ್ಮಗು ಇಬ್ಬರೂ ಉಳಿದಿದ್ದರು. ಗೊನೆಯನ್ನು ನೀಲಾವತಿಯ ಮುಂದಿಡದೆ ಕಾವೇರಮ್ಮನ ಮುಂದಿಟ್ಟು, ನಿಮ್ಮ ಸೊಸೆ ಗಾಡಿಯಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟಿದಳು, ಇಲ್ಲದಿದ್ದರೆ ಎರಡೂ ಜೀವ ಹೋಗುತ್ತಿತ್ತು ಎಂದು ಕೈ ಮುಗಿದಳು. ಕಾವೇರಮ್ಮ ಆ ಮಾತನ್ನು ಯಾರಿಗೂ ಹೇಳಲಿಲ್ಲ. ಆದರೆ ಮರೆಯಲಿಲ್ಲ.

ನವರಾತ್ರಿಯಲ್ಲಿ ಎಂದಿನಂತೆ ಮನೆಗೆ ತೆನೆ ಬಂತು. ಗದ್ದೆಯ ಮೊದಲ ತೆನೆಗಳನ್ನು ಮಾವು, ಹಲಸು, ಬಿದಿರಿನ ಎಲೆಗಳಲ್ಲಿ ಸುತ್ತಿ, ಹಸಿ ತೊಗಟೆಯ ನಾರಿನಿಂದ ಬಿಗಿದು, ಮನೆಗೆ ಅನ್ನ ಕೊಡುವ ಎಲ್ಲದಕ್ಕೂ ಕಟ್ಟುವುದು ಕ್ರಮ. ಕಂಬ, ಕಣಜ, ನೇಗಿಲು, ರಾಟೆ, ಕಡೆಗೋಲು, ದನದ ಗೂಟ. ಒಮ್ಮೆ ಕಟ್ಟಿದ್ದನ್ನು ಮುಂದಿನ ವರ್ಷ ಹೊಸದು ಬರುವ ತನಕ ಬಿಚ್ಚುವಂತಿಲ್ಲ. ಎಲ್ಲ ಕಟ್ಟಿ ಆದ ಮೇಲೆ ಕಾವೇರಮ್ಮನ ಕೈಯಲ್ಲಿ ಒಂದು ಉಳಿದಿತ್ತು. ಉಳಿಯುವ ಹಾಗೆ ಅವರೇ ಒಂದು ಹೆಚ್ಚು ಸುತ್ತಿದ್ದರು ಎನ್ನುವುದು ಬೇರೆ ಮಾತು. ಯಾರೂ ನೋಡುತ್ತಿಲ್ಲವೆಂದುಕೊಂಡು ಅಂಗಳಕ್ಕೆ ಇಳಿದು, ಚಾಪೆ ಸರಿಸಿ, ಗಾಡಿಯ ದೊಡ್ಡ ದೀಪದ ಕೆಳಗೆ ಬಗ್ಗಿದರು. ಕಬ್ಬಿಣವೆಲ್ಲ ನುಣುಪು, ನಾರು ಜಾರುತ್ತಿತ್ತು. ದೀಪದ ಕೊರಳಿಗೆ ಒಳಗಿನಿಂದ ಬಂದ ವಯರುಗಳ ಒಂದು ಕಟ್ಟು ಇತ್ತು. ಅದಕ್ಕೇ ಸುತ್ತಿ ಮೂರು ಗಂಟು ಬಿಗಿದು, ಬಾಯೊಳಗೇ ಏನೋ ಹೇಳಿ ಬಂದರು. ಅಡಿಗೆಮನೆಯ ಕಿಟಕಿಯಿಂದ ನೀಲಾವತಿ ಎಲ್ಲವನ್ನೂ ನೋಡಿದ್ದಳು. ಅವಳು ಒಲೆಯ ಹೊಗೆಯನ್ನು ನೆಪ ಮಾಡಿ ಕಣ್ಣೊರಸಿಕೊಂಡಳು.

ದೀಪಾವಳಿ ಕಳೆದ ಮೇಲೆ ಗಾಡಿ ಹಟ ಹಿಡಿಯಿತು. ದೀಪದ ತಲೆಯ ಮೇಲಿನ ತೂತಿಗೆ ಕೀಲಿ ಹಾಕಿ ತಿರುಗಿಸಿದರೆ ಪಕ್ಕದಲ್ಲಿ ಸಣ್ಣದೊಂದು ಕೆಂಪು ದೀಪ ಹೊತ್ತಬೇಕು, ಆಮೇಲೆ ಒದ್ದರೆ ಇಂಜಿನು ಎದ್ದು ಬರಬೇಕು. ಒಂದು ದಿನ ಕೆಂಪು ದೀಪ ಬರುತ್ತದೆ, ಒಂದು ದಿನ ಇಲ್ಲ. ಶೇಖರ ಬೆವರು ಕಿತ್ತುಬರುವ ತನಕ ಒದೆಯುತ್ತಿದ್ದ.

ಸುಬ್ಬಯ್ಯನವರು ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಬಂಟ್ವಾಳ–ಬೆಳ್ತಂಗಡಿ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಮನುಷ್ಯ. ಈಗ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು.

"ಕೆಂಪು ದೀಪ ಒಮ್ಮೆ ಬರುವುದು, ಒಮ್ಮೆ ಬಾರದ್ದು ಅಂದ್ರೆ ಅದು ವಯರಿಂಗು," ಎಂದರು.

"ಅಪ್ಪ, ಇದು ನಿಮ್ಮ ಕಾಲದ ಬಸ್ಸಲ್ಲ," ಎಂದ ಶೇಖರ.

ಸುಬ್ಬಯ್ಯನವರು ಮತ್ತೆ ಗೋಡೆಗೆ ಒರಗಿದರು. ಕಣ್ಣು ಹೋದವನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆ ಎನ್ನುವುದು ಅವರಿಗೆ ಆಗಲೇ ರೂಢಿಯಾಗಿತ್ತು.

ಮುಂದಿನ ಆದಿತ್ಯವಾರ ಬಿ.ಸಿ.ರೋಡಿನಿಂದ ಮೆಕ್ಯಾನಿಕ್ ಹಾಜಬ್ಬ ಬಸ್ಸಿನಲ್ಲಿ ಬಂದರು. ಪ್ಲಗ್ಗು ಬಿಚ್ಚಿ ನೋಡಿದರು, ಬ್ಯಾಟರಿ ನೋಡಿದರು, ಎಲ್ಲ ಸರಿ ಇತ್ತು. ದೊಡ್ಡ ದೀಪದ ಗಾಜು ತೆಗೆದು, ಎರಡು ವಯರು ಕಟ್ಟಿದ ಬಲ್ಬೊಂದನ್ನು ಸ್ವಿಚ್ಚಿನ ಬುಡಕ್ಕೆ ಮುಟ್ಟಿಸಿದರು. ಬಲ್ಬು ಹೊತ್ತಿ, ಆರಿ, ಮತ್ತೆ ಹೊತ್ತಿತು. ಸ್ವಿಚ್ಚಿನ ಒಳಗಿನ ಹಿತ್ತಾಳೆ ಸವೆದಿದೆ ಎಂದು ತೀರ್ಮಾನಿಸಿದರು. ಕೆಳಗೆ ವಯರಿನ ಕಟ್ಟಿಗೆ ಕೈ ಹಾಕಹೋದವರು ಅಲ್ಲೇ ತಡೆದು, ಕಾವೇರಮ್ಮನ ಕಡೆ ತಿರುಗಿದರು.

"ಇದು ನಿಮ್ಮ ತೆನೆ ಅಲ್ವಾ ಅಮ್ಮ? ಇದಕ್ಕೆ ನಾನು ಕೈ ಹಾಕುದಿಲ್ಲ. ಅದು ಅಲ್ಲೇ ಇರ್ಲಿ."

ಕಾವೇರಮ್ಮನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಹಾಜಬ್ಬನಿಗೆ ಎರಡನೆಯ ಎಳನೀರ ಬೊಂಡವನ್ನೂ ಕೆತ್ತಿಸಿ ಕೊಟ್ಟರು. ವಾರ ಬಿಟ್ಟು ಹೊಸ ಸ್ವಿಚ್ಚು ಬಂತು. ಕೂರಿಸಿ, ವಯರುಗಳನ್ನು ಒಳಗೆ ತುರುಕಿ, ಕೀಲಿ ತಿರುಗಿಸಿದರೆ ಕೆಂಪು ದೀಪ ಜಗ್ಗನೆ ಬಂತು. ಒಂದೇ ಒದೆತಕ್ಕೆ ಇಂಜಿನು ಎದ್ದಿತು. ಎಲ್ಲರೂ ನಕ್ಕರು. ಅಂದು ಸಂಜೆ ಕಾವೇರಮ್ಮ ಚಾಪೆ ಹೊದಿಸುತ್ತಾ ಗಾಡಿಯೊಡನೆ ಮೊದಲ ಬಾರಿಗೆ ಬಾಯಿಬಿಟ್ಟು ಮಾತಾಡಿದರು. ಇನ್ನು ಹಟ ಮಾಡಬೇಡ ಎಂದಷ್ಟೇ ಹೇಳಿದರು.

ಹದಿನೈದು ದಿನ ಅದು ಹಟ ಮಾಡಲಿಲ್ಲ.

ಡಿಸೆಂಬರಿನ ಮೊದಲ ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಕಲ್ಲಗುಡ್ಡೆಯ ತುಕ್ರಪ್ಪ ಏದುಸಿರು ಬಿಡುತ್ತಾ ಬಂದ. ಹೆಂಡತಿ ದಮಯಂತಿಗೆ ನೋವು ಬಂದಿದೆ, ಚೊಚ್ಚಲು, ನೀರು ಒಡೆದು ಹೊತ್ತಾಯಿತು. ಕಲ್ಲಗುಡ್ಡೆ ಐದು ಮೈಲು ಒಳಗೆ. ಬಸ್ಸಿಲ್ಲದ ದಾರಿ, ಆದರೆ ಗಾಡಿ ಹೋಗುತ್ತದೆ. ನೀಲಾವತಿ ಚೀಲ ತೆಗೆದುಕೊಂಡು ಅಂಗಳಕ್ಕೆ ಇಳಿದಳು. ಶೇಖರ ಗಾಡಿಯನ್ನು ಮೂಲೆಯಿಂದ ತೆಗೆದು, ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿ ಹೊರಕ್ಕೆ ತಂದು ಕೀಲಿ ಹಾಕಿದ. ಕೆಂಪು ದೀಪ ಬರಲಿಲ್ಲ.

ಅವನು ಒದ್ದ. ಮತ್ತೆ ಒದ್ದ. ಕೀಲಿ ತೆಗೆದು ಊದಿ ಹಾಕಿದ. ದೂಡಿಕೊಂಡು ಓಡಿ ನೋಡಿದ. ಇಷ್ಟರಲ್ಲಿ ಕಾವೇರಮ್ಮ ಒಳಗಿನಿಂದ ಒಂದು ಚೊಂಬು ಗಂಜಿ ತಿಳಿ ತಂದು, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಗಾಡಿ ಹೊರಡುವ ತನಕ ಇದನ್ನು ಕುಡಿ ಎಂದು ಸೊಸೆಯನ್ನು ಒತ್ತಾಯಿಸಿದರು. ನೀಲಾವತಿ ನಿಂತಲ್ಲೇ ಕುಡಿದಳು. ತುಕ್ರಪ್ಪ ನೋಡುತ್ತಾ ನಿಂತಿದ್ದ. ಚೊಂಬು ಕೆಳಗಿಟ್ಟವಳು, ಇನ್ನು ಇದನ್ನು ಕಾದರೆ ಆಗದು ಎಂದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹೊರಟೇ ಬಿಟ್ಟಳು. ಗುಡ್ಡದ ಏರು ಮುಟ್ಟುವ ತನಕ ಅವಳು ಓಡುತ್ತಿದ್ದುದು ಅಂಗಳಕ್ಕೆ ಕಾಣುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂತಿರುಗಿದಳು. ಬಾವಿಕಟ್ಟೆಯಲ್ಲಿ ಬಹಳ ಹೊತ್ತು ಕೈ ತೊಳೆದಳು. ಗಂಡು ಮಗು. ಕೊರಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಬಿದ್ದಿತ್ತು. ತಾಯಿ ಉಳಿದಳು. ಒಂದು ಗಂಟೆ ಮೊದಲು ಮುಟ್ಟಿದ್ದರೆ ಎಂದಷ್ಟೇ ಹೇಳಿ ಒಳಗೆ ಹೋದಳು. ಬಡಿಸಿದ ಅನ್ನ ಬಟ್ಟಲಲ್ಲೇ ಒಣಗಿತು.

ಊರಿಗೆ ಮಾತಾಡಲು ಏನಾದರೂ ಬೇಕಲ್ಲ. ಹೆಂಗಸು ನೋವು ತಿನ್ನುತ್ತಿದ್ದರೆ ದಾದಿಯಮ್ಮ ಮನೆಯಲ್ಲಿ ಗಂಜಿ ಕುಡಿಯುತ್ತಾ ನಿಂತಿದ್ದಳಂತೆ. ತುಕ್ರಪ್ಪ ಕಣ್ಣಾರೆ ಕಂಡದ್ದಂತೆ. ತಿಂಗಳಿಗೆ ಏಳೆಂಟು ಬರುತ್ತಿದ್ದ ಕರೆ ನಿಂತೇ ಹೋಯಿತು. ಪೇಟೆಯ ಆಚೆ ಮಗ್ಗುಲಲ್ಲೇ ಒಂದು ಹೆರಿಗೆಯಾಯಿತು, ಅದಕ್ಕೂ ಹೇಳಿಕಳುಹಿಸಲಿಲ್ಲ. ನೀಲಾವತಿ ಬೆಳಿಗ್ಗೆ ಚೀಲ ತೆರೆದು ಕತ್ತರಿ, ನೂಲು, ಔಷಧಿ ಎಲ್ಲ ಒರಸಿ ಮತ್ತೆ ಮುಚ್ಚಿಡುತ್ತಿದ್ದಳು. ಈಗ ಅಕ್ಕಿ ಹೊತ್ತಿಗೆ ಸರಿಯಾಗಿ ಬೇಯುತ್ತಿತ್ತು, ಹಟ್ಟಿ ಗುಡಿಸಿರುತ್ತಿತ್ತು. ಕಾವೇರಮ್ಮ ಒಂದು ವರ್ಷ ಬಯಸಿದ್ದೆಲ್ಲ ಆಗುತ್ತಿತ್ತು, ಆದರೆ ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ.

ಒಂದು ರಾತ್ರಿ ಊಟದಲ್ಲಿ ಮಾತಿಗೆ ಮಾತು ಬೆಳೆಯಿತು. ಸಾರಿಗೆ ಉಪ್ಪು ಕಡಿಮೆ ಎಂದು ಶುರುವಾದದ್ದು ಗಾಡಿಯ ತನಕ ಹೋಯಿತು. ಕಾವೇರಮ್ಮ ಮೊದಲೇ ಹೇಳಿದ್ದರಂತೆ, ಕಬ್ಬಿಣವನ್ನು ನಂಬಬಾರದೆಂದು. ಶೇಖರ ಬಟ್ಟಲು ದೂಡಿದ.

"ನೀವು ಹೇಳಿದ್ದು ಸರಿ ಅಮ್ಮ. ಆ ಗಾಡಿಯನ್ನು ಗುಜರಿಗೆ ತೂಕಕ್ಕೆ ಹಾಕಿ ಬರ್ತೇನೆ. ನಿಮಗೆ ಸಮಾಧಾನ ಆಗ್ಲಿ."

"ನನಗೆ ಎಂತ ಸಮಾಧಾನ?" ಎಂದು ಕೇಳಿದರು ಕಾವೇರಮ್ಮ.

ಆಗ ನೀಲಾವತಿ ತಲೆಯೆತ್ತದೆ ಹೇಳಿದಳು. "ಮೂಡಬಿದಿರೆಗೆ ವರ್ಗ ಕೇಳಿ ಅರ್ಜಿ ಬರೆದಿದ್ದೇನೆ. ಅಲ್ಲಿ ತವರು ಉಂಟು. ನಾನು ಅಲ್ಲಿ ಇರ್ತೇನೆ. ಇಲ್ಲಿ ಯಾರಿಗೂ ನಾನು ಬೇಡ."

ಶೇಖರನಿಗೂ ಅದು ಹೊಸ ಸುದ್ದಿಯೆಂದು ಅವನ ಮುಖವೇ ಹೇಳುತ್ತಿತ್ತು.

ಮರುದಿನ ಅವನು ಶಾಲೆಗೆ ಹೋದ ಮೇಲೆ, ನೀಲಾವತಿ ಬಟ್ಟೆ ಒಗೆಯಲು ತೋಡಿಗೆ ಹೋದಾಗ, ಸುಬ್ಬಯ್ಯನವರು ಹೆಂಡತಿಯನ್ನು ಕರೆದರು. ಹಾಜಬ್ಬ ಬಿಟ್ಟುಹೋದ ಬಲ್ಬು ತರಲು ಹೇಳಿದರು, ಬಟ್ಟೆ ಹೊಲಿಯುವ ಸೂಜಿಯನ್ನೂ ತರಲು ಹೇಳಿದರು. ಗೋಡೆ ಹಿಡಿದು ಅಂಗಳಕ್ಕೆ ಇಳಿದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ನನ್ನ ಕೈ, ನಿನ್ನ ಕಣ್ಣು," ಎಂದರು. "ದೀಪ ಹೊತ್ತಿದರೆ ಹೊತ್ತಿತು ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಬೇರೆ ಏನೂ ಬೇಡ."

ಬಲ್ಬಿನ ಒಂದು ವಯರನ್ನು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಸಿದರು. ಇನ್ನೊಂದನ್ನು ಸೂಜಿಗೆ ಸುತ್ತಿದರು. ಬ್ಯಾಟರಿಯಿಂದ ಹೊರಡುವ ವಯರಿಗೆ ಬಟ್ಟೆಯ ಹೊದಿಕೆಯಿತ್ತು. ಸೂಜಿ ಹೊದಿಕೆಯನ್ನು ಚುಚ್ಚಿ ಒಳಗಿನ ತಾಮ್ರವನ್ನು ಮುಟ್ಟುತ್ತಿತ್ತು.

"ಹೊತ್ತಿತು," ಎಂದರು ಕಾವೇರಮ್ಮ.

ಸೀಟಿನ ಕೆಳಗೆ ಚುಚ್ಚಿದರು. ಹೊತ್ತಿತು. ಟ್ಯಾಂಕಿನ ಅಡಿಯಲ್ಲಿ ಚುಚ್ಚಿದರು. ಹೊತ್ತಿತು. ದೀಪದ ಕೊರಳಿನ ಹತ್ತಿರ ಬಂದು, ತೆನೆಯ ಈಚೆ ಚುಚ್ಚಿದರು. ಹೊತ್ತಿತು. ಕೈ ತಡವುತ್ತಾ ಹೋಗಿ ತೆನೆಯ ಆಚೆ ಚುಚ್ಚಿದರು.

ಬಲ್ಬು ಹೊತ್ತಲಿಲ್ಲ.

ಸುಬ್ಬಯ್ಯನವರು ಎಡಗೈಯಿಂದ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರು. ಬಲ್ಬು ಮಿಣುಕಿತು. ಬಲಕ್ಕೆ ತಿರುಗಿಸಿದರು, ಆರಿತು. ಅಕ್ಷರ ಕಲಿಯದ ಕಾವೇರಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸಿ ನಾರು ಒಣಗಿದಷ್ಟೂ ಬಿಗಿಯುತ್ತದೆ ಎನ್ನುವುದು ಐವತ್ತು ವರ್ಷ ಹೊರೆ ಕಟ್ಟಿದ ಕೈಗೆ ಗೊತ್ತಿಲ್ಲವೇ? ಬಿಗಿದು ಹಿಡಿದ ಕಡೆಯೇ ವಯರು ಪ್ರತಿ ತಿರುವಿಗೂ ಮಡಚಿ, ಹೊರಗಿನ ಬಟ್ಟೆ ಹಾಗೇ ಇದ್ದು, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದಿದ್ದವು. ಹಾಜಬ್ಬ ವಯರನ್ನು ತುರುಕಿದಾಗ ತುದಿಗೆ ತುದಿ ತಾಗಿ ಗಾಡಿ ಹೊರಟಿತ್ತು, ಹೊಸ ಸ್ವಿಚ್ಚಿನಿಂದಲ್ಲ. ಆ ಆದಿತ್ಯವಾರ ಹ್ಯಾಂಡಲು ಬಲಕ್ಕೆ ತಿರುಗಿದಾಗ ಆ ತುದಿಗಳು ಬಿಟ್ಟುಕೊಂಡಿದ್ದವು.

"ಹೊತ್ತಿತಾ?" ಎಂದು ಗಂಡ ಕೇಳಿದರು.

ಆ ಮಗುವಿನ ಮುಖವನ್ನು ಕಾವೇರಮ್ಮ ಕಂಡಿರಲಿಲ್ಲ, ಆದರೂ ಈಗ ಕಂಡ ಹಾಗಾಯಿತು. "ಹೊತ್ತಿತು," ಎಂದರು.

"ಎಲ್ಲ ಕಡೆಯೂ?"

"ಎಲ್ಲ ಕಡೆಯೂ."

ಸುಬ್ಬಯ್ಯನವರು ಸ್ವಲ್ಪ ಹೊತ್ತು ಸೂಜಿ ಹಿಡಿದುಕೊಂಡೇ ಕೂತರು. ಹಾಗಾದರೆ ನನಗೆ ತಿಳಿಯುವುದಿಲ್ಲ ಎಂದು ಎದ್ದು, ಗೋಡೆ ಹಿಡಿದು ಜಗಲಿಗೆ ಹೋದರು.

ಮೂರು ದಿನ ಕಾವೇರಮ್ಮ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದರು. ಹಾಲು ಕರೆಯುವಾಗ ಚೆಲ್ಲಿದರು, ಒಗ್ಗರಣೆ ಹೊತ್ತಿಸಿದರು. ತಾನು ಹರಸಿ ಕಟ್ಟಿದ ಗಂಟು ಒಂದು ಜೀವ ತೆಗೆಯಿತು, ಸೊಸೆಯ ಹೆಸರು ತೆಗೆಯಿತು. ಬಾಯಿ ಬಿಟ್ಟರೆ ಊರಿನ ಮುಂದೆ ತನ್ನ ತಲೆ ಕೆಳಗಾಗುತ್ತದೆ. ಬಿಡದಿದ್ದರೆ ಸೊಸೆ ಹೋಗುತ್ತಾಳೆ, ಕೆಟ್ಟ ಹೆಸರನ್ನು ತಾನೊಬ್ಬಳೇ ಹೊತ್ತುಕೊಂಡು. ನಾಲ್ಕನೆಯ ದಿನ ಬೆಳಿಗ್ಗೆ ನೀಲಾವತಿ ಅರ್ಜಿಯನ್ನು ಲಕೋಟೆಗೆ ಹಾಕಿ ಅನ್ನದ ಅಂಟು ಹಚ್ಚುತ್ತಿದ್ದಳು. ಅಂಚೆಗೆ ಹಾಕಲು ಶೇಖರನ ಕೈಗೆ ಕೊಡುವುದೊಂದೇ ಬಾಕಿ.

ಕಾವೇರಮ್ಮ ಅಂಗಳಕ್ಕೆ ಇಳಿದರು. ಗಾಡಿಯ ಮುಂದೆ ಕೂತು, ತುಳಸಿಯ ಕಡೆಗೆ ಒಮ್ಮೆ ಕೈ ಮುಗಿದು, ಗಂಟಿಗೆ ಕೈ ಹಾಕಿದರು. ಐವತ್ತು ವರ್ಷದಲ್ಲಿ ನಡುವರ್ಷದಲ್ಲಿ ತೆನೆ ಬಿಚ್ಚಿದವರಲ್ಲ. ಮೂರು ಗಂಟೂ ಕಲ್ಲಾಗಿದ್ದವು, ಉಗುರು ಮುರಿದು ರಕ್ತ ಬಂತು. ತೆನೆ ಕೈಗೆ ಬಂದಾಗ ಅದರ ಕೆಳಗಿದ್ದ ವಯರು ಆ ಒಂದು ಜಾಗದಲ್ಲಿ ಮೂಳೆಯಿಲ್ಲದ ಹಾಗೆ ಜೋತುಬಿತ್ತು.

"ಶೇಖರ, ಇದನ್ನು ನೋಡು," ಎಂದು ಕರೆದರು.

ಅವನು ಬಂದು ನೋಡಿದ. ತಾಯಿಯ ಮುಖವನ್ನೂ ಬೆರಳನ್ನೂ ನೋಡಿದ. ಚೂರಿ ತಂದು, ಬಟ್ಟೆ ಸುಲಿದು, ಕಡಿದ ಎಳೆಗಳನ್ನು ಕೂಡಿಸಿ ಹೊಸೆದು ಪಟ್ಟಿ ಸುತ್ತಿದ. ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ ಕೀಲಿ ಹಾಕಿದ. ಕೆಂಪು ದೀಪ ಅಲುಗದೆ ನಿಂತಿತು. ಒದ್ದಾಗ ಇಂಜಿನಿನ ಸದ್ದಿಗೆ ನೀಲಾವತಿ ಹೊರಗೆ ಬಂದಳು. ಅತ್ತೆಯ ಕೈಯಲ್ಲಿ ತೆನೆ ಕಂಡು ಅಲ್ಲೇ ನಿಂತಳು.

ಜಗಲಿಯಿಂದ ಸುಬ್ಬಯ್ಯನವರು ನಿಧಾನವಾಗಿ ಹೇಳಿದರು. "ಬಲ್ಬು ಆರಿದ್ದು ನನಗೆ ಗೊತ್ತಾಗಿತ್ತು. ಅಷ್ಟು ಬೆಳಕು ನನಗೂ ಕಾಣ್ತದೆ. ಆದರೆ ಕಟ್ಟಿದವಳೇ ಬಿಚ್ಚಬೇಕಲ್ಲ."

ನೀಲಾವತಿ ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿ ಬೆರಳಿಗೆ ಔಷಧಿ ಹಚ್ಚಿ ಬಟ್ಟೆ ಸುತ್ತಿದಳು. ಆ ಚೀಲ ತೆರೆದು ಕೆಲಸಕ್ಕೆ ಬಂದದ್ದು ಇಪ್ಪತ್ತೆರಡು ದಿನದ ಮೇಲೆ. ಇದನ್ನು ಹೊರಗೆ ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಳು. ದೈವದ ಕೋಪ, ತೆನೆಯ ದೋಷ ಎಂದು ಊರು ಇನ್ನಷ್ಟು ಮಾತಾಡುತ್ತದೆ, ಹೋದ ಮಗುವಂತೂ ಬರುವುದಿಲ್ಲ.

"ಮಗು ಬರುವುದಿಲ್ಲ. ನೀನು ಹೋಗ್ತಿ. ಎರಡೂ ನನ್ನಿಂದಲೇ ಆಗ್ಬೇಕಾ?" ಎಂದರು ಕಾವೇರಮ್ಮ. ಮಗನನ್ನು ಕೂಗಿದರು. "ಕಲ್ಲಗುಡ್ಡೆಗೆ ಹೋಗುವ. ನಾನೂ ಬರ್ತೇನೆ."

ಒಂದು ವರ್ಷ ನೋಡಲೂ ಒಲ್ಲದಿದ್ದ ಸೀಟಿನ ಮೇಲೆ ಕಾವೇರಮ್ಮ ಹತ್ತಿ ಕೂತರು. ಒಂದು ಕೈಯಲ್ಲಿ ತೆನೆ, ಇನ್ನೊಂದರಲ್ಲಿ ಮಗನ ಅಂಗಿ. ಪೇಟೆಯ ನಡುವೆ ಹೋಗುವಾಗ ಅಂಗಡಿಗಳ ಜನ ತಲೆ ಹೊರಗೆ ಹಾಕಿ ನೋಡಿದರು. ಅವರು ತಲೆ ತಗ್ಗಿಸಲಿಲ್ಲ. ನಿಧಾನ ಹೋಗು, ನಿಧಾನ ಹೋಗು ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಅದು ಹೆದರಿಕೆಯಿಂದ ಮಾತ್ರವಲ್ಲ, ಆ ಮನೆ ಬೇಗ ಬಾರದಿರಲಿ ಎಂಬ ಆಸೆಯಿಂದ ಕೂಡ.

ದಮಯಂತಿ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಇಪ್ಪತ್ತು ತುಂಬದ ಹುಡುಗಿ. ತುಕ್ರಪ್ಪ ಹಟ್ಟಿಯಿಂದ ಬಂದು ಕಂಬಕ್ಕೆ ಒರಗಿ ನಿಂತ. ಶೇಖರ ಗಾಡಿಯ ಹತ್ತಿರವೇ ಉಳಿದ. ಕಾವೇರಮ್ಮ ತೆನೆಯನ್ನು ಜಗಲಿಯ ಅಂಚಿನಲ್ಲಿಟ್ಟು, ಕೂರದೆ, ನಿಂತೇ ಹೇಳಿದರು.

"ಇದು ನಾನು ಗಾಡಿಗೆ ಕಟ್ಟಿದ್ದು. ವಯರಿಗೆ ಕಟ್ಟಿದೆ, ನನಗೆ ತಿಳಿಯಲಿಲ್ಲ. ಇದು ಬಿಗಿದು ಬಿಗಿದು ವಯರು ಕಡಿಯಿತು. ಅವತ್ತು ಗಾಡಿ ಹೊರಡದಿದ್ದದ್ದು ಇದರಿಂದ. ಗಂಜಿ ತಿಳಿ ಕುಡಿಸಿದ್ದೂ ನಾನೇ. ನೀಲಾವತಿ ತಡ ಮಾಡಿದ್ದಲ್ಲ. ಅವಳು ಓಡಿಕೊಂಡು ಬಂದದ್ದು."

ತುಕ್ರಪ್ಪ ನೆಲ ನೋಡಿದ. ದಮಯಂತಿ ಗೆರಸೆ ಬದಿಗಿಟ್ಟು ತೆನೆಯನ್ನು ಎತ್ತಿಕೊಂಡಳು. ಒಣಗಿದ ಎಲೆಗಳು ಅವಳ ಬೆರಳಲ್ಲಿ ಪುಡಿಯಾದವು. ಕಾಳು ಇನ್ನೂ ಗಟ್ಟಿಯಾಗಿತ್ತು.

"ಕಟ್ಟುವಾಗ ಎಂತ ಹೇಳಿದ್ರಿ?" ಎಂದು ಕೇಳಿದಳು.

ಕಾವೇರಮ್ಮ ತೆನೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು. "ಹೋದಲ್ಲಿಗೆ ಹೊತ್ತಿಗೆ ಮುಟ್ಟಲಿ ಅಂತ."

ದಮಯಂತಿ ಅಟ್ಟದ ಕಡೆಗೆ ಕಣ್ಣು ತೋರಿಸಿದಳು. "ಮೇಲೆ ನಮ್ಮ ತೊಟ್ಟಿಲು ಉಂಟು. ಅದಕ್ಕೆ ನಾನೂ ಕಟ್ಟಿದ್ದೆ. ಇನ್ನೂ ಹಾಗೇ ಉಂಟು."

ಒಳಗೆ ಹೋದಳು. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದಳು. ಕಾವೇರಮ್ಮನ ಕೈಗೆ ಕೊಡಲಿಲ್ಲ, ಜಗಲಿಯ ಮೇಲೆ ಇಟ್ಟಳು. ಕಾವೇರಮ್ಮ ತಾವೇ ಎತ್ತಿಕೊಂಡು ಬೆಲ್ಲ ಕಚ್ಚಿ ನೀರು ಕುಡಿದರು. ಹೊರಡಲು ತಿರುಗಿದಾಗ ದಮಯಂತಿ ಹಿಂದಿನಿಂದ ಕರೆದಳು. ದನಿ ತಗ್ಗಿಸಿ, ಗಂಡಸರಿಗೆ ಕೇಳದ ಹಾಗೆ ಹೇಳಿದಳು.

"ಎದೆಹಾಲು ಇನ್ನೂ ನಿಲ್ಲಲಿಲ್ಲ. ಗಟ್ಟಿಯಾಗಿ ನೋಯ್ತದೆ, ನಿನ್ನೆಯಿಂದ ಜ್ವರವೂ ಉಂಟು. ಯಾರ ಹತ್ತಿರ ಹೇಳುವುದು ಅಂತ ಗೊತ್ತಾಗಲಿಲ್ಲ. ನೀಲಾವತಿ ಅಕ್ಕನನ್ನು ಬರ್ಲಿಕ್ಕೆ ಹೇಳಿ."

ಕಾವೇರಮ್ಮ ಗಾಡಿಯ ಹತ್ತಿರ ಬಂದು ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಈ ಸಲ ಅಂಗಿಯನ್ನಲ್ಲ, ಮಗನ ಸೊಂಟವನ್ನೇ ಎರಡು ಕೈಯಿಂದಲೂ ಗಟ್ಟಿಯಾಗಿ ಹಿಡಿದುಕೊಂಡರು.

"ಬೇಗ ಹೋಗುವ ಮಗಾ," ಎಂದರು. "ಅವಳನ್ನು ಕರ್ಕೊಂಡು ಬರ್ಬೇಕು."